ಮೊಟ್ಟೆ ತಿನ್ನದ ಬೇಟೆಗಾರ

ನಮ್ಮ ಭಾವನಂಥ ಬೇಟೆಗಾರ ಇಡೀ ನ್ಯೂಜಿಲೆಂಡಿನಲ್ಲಿ ಇನ್ನೊಬ್ಬರಿಲ್ಲ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಪುಕೆಕೊಹೆಗೆ ಹೋಗಿ ಅಲ್ಲಿಯ ಮೊಲಗಳನ್ನೇ ಕೇಳಿ. ಸಾಕ್ಷಿ ಹೇಳುವುದಕ್ಕೆ ಬಹಳಷ್ಟು ಮೊಲಗಳು ಬದುಕಿಯೇ ಇವೆ!

ಭಾವ ಎಂದರೆ ನನ್ನ ಅಕ್ಕನ ಗಂಡ, ಧಾರವಾಡದವರು. ತರಕಾರಿ ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ಶೀತಲಗೃಹಗಳ ಎಂಜಿನಿಯರ್. ಅಂದರೆ ಗಜ್ಜರಿ, ಈರುಳ್ಳಿ, ಕೋಸುಗಳಿಗೆ ಸೆಕೆಯಾಗದಂತೆ ನೋಡಿಕೊಳ್ಳುವ ಕೆಲಸ. ಮಾಂಸದ ಮಾತು ಹಾಗಿರಲಿ, ಮೊಟ್ಟೆಯನ್ನೂ ತಿನ್ನುವವರಲ್ಲ. ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಕೇಕಿನ ಮುಂದೆ ನಿಂತು ವಿಚಾರಣೆ ಶುರು: "ಇದರಾಗ ತತ್ತಿ ಹಾಕೀರೇನು?" "ಒಂದೇ ಒಂದು ಹಾಕಿದೀನಿ ಅಂಕಲ್" ಎಂದು ಆ ಮನೆಯಾಕೆ ಸಂಕೋಚದಿಂದ ಹೇಳಿದರೆ, "ಒಂದಿದ್ರೇನು, ಅರ್ಧ ಇದ್ರೇನು, ತತ್ತಿ ತತ್ತೀನ" ಎಂದು ಬರೀ ಚಿಪ್ಸ್ ತಿಂದು ಎದ್ದುಬರುತ್ತಾರೆ.

ಇಂಥವರು ಐವತ್ತು ದಾಟಿದ ಮೇಲೆ ಏರ್ ರೈಫಲ್ ಕೊಂಡರು. ಕಾರಣವೇನು ಗೊತ್ತೆ? ದಯೆ! ನಗಬೇಡಿ, ಪೂರ್ತಿ ಕೇಳಿ.

ಪುಕೆಕೊಹೆಯಲ್ಲಿ ಅಕ್ಕನ ಮನೆಯ ಹಿಂದಿನ ಬೇಲಿ ದಾಟಿದರೆ ಛಗನಭಾಯಿಯವರ ಹೊಲ. ಕೆಂಪು ಮಣ್ಣಿನಲ್ಲಿ ದಾರ ಹಿಡಿದು ನೆಟ್ಟಂತೆ ಲೆಟಿಸ್ ಸೊಪ್ಪಿನ ಸಾಲುಗಳು. ಅಜ್ಜನ ಕಾಲದಲ್ಲೇ ಗುಜರಾತಿನಿಂದ ಬಂದು ನೆಲೆಸಿದ ಮನೆತನ ಅವರದು. ಮಾತಾಡುವುದು ಇಲ್ಲಿಯ ಇಂಗ್ಲಿಷು, ಸಿಟ್ಟು ಬಂದಾಗ ಮಾತ್ರ ಗುಜರಾತಿ. ಅವರ ಮಾತುಗಳನ್ನೆಲ್ಲ ಇಲ್ಲಿ ನಾನೇ ಕನ್ನಡಕ್ಕೆ ತಂದಿದ್ದೇನೆ, ಬೈಗುಳಗಳನ್ನು ತಂದಿಲ್ಲ. ಈ ಹೊಲಕ್ಕೆ ಮೊಲಗಳ ಕಾಟ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಎಳೆ ಸಸಿಗಳ ಸಾಲಿಗೆ ಸಾಲೇ ಬೋಳು. ಛಗನಭಾಯಿ ರೋಸಿಹೋಗಿ ಒಂದು ದಿನ ಬೇಲಿಯ ಆಚೆಯಿಂದ, "ಸಾಕಾಯಿತು ಮೇಟ್, ವಿಷದ ಗುಳಿಗೆ ಚೆಲ್ಲುತ್ತೇನೆ" ಎಂದರು.

ಭಾವನಿಗೆ ಅಂದು ಊಟ ಸೇರಲಿಲ್ಲ. ಆ ವಿಷ ತಿಂದ ಮೊಲ ತಟ್ಟನೆ ಸಾಯುವುದಿಲ್ಲ, ದಿನಗಟ್ಟಲೆ ನರಳುತ್ತದೆ. ಸತ್ತದ್ದನ್ನು ಗಿಡುಗ ತಿಂದರೆ ಗಿಡುಗಕ್ಕೆ ಕಂಟಕ, ನಾಯಿ ತಿಂದರೆ ನಾಯಿಗೆ. "ಎರಡು ಎಲಿ ಸೊಪ್ಪು ತಿಂದಿದ್ದಕ್ಕ ನಾಲ್ಕು ದಿನ ಒದ್ದಾಡೂ ಶಿಕ್ಷಾ? ಯಾವ ನ್ಯಾಯ ಇದು?" ಎಂದು ಮೊಸರನ್ನಕ್ಕೆ ಕೇಳಿದರು. ಮೊಸರನ್ನ ಏನು ಹೇಳೀತು? ಮಾರನೆಯ ದಿನವೇ ಹೋಗಿ, "ವಿಷ ಬೇಡ. ಮೊಲಗಳನ್ನು ನಾನು ಕಡಿಮೆ ಮಾಡುತ್ತೇನೆ, ಒಂದಕ್ಕೂ ನೋವಾಗದ ಹಾಗೆ" ಎಂದು ಮಾತು ಕೊಟ್ಟು ಬಂದರು. ಛಗನಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕು ಮುಗಿಸಿ ಒಂದು ಷರತ್ತು ಹಾಕಿದರು: "ನವರಾತ್ರಿ ಮುಗಿಯುವವರೆಗೆ ನೋಡುತ್ತೇನೆ. ಅಷ್ಟರಲ್ಲಿ ನನ್ನ ಸಸಿಗಳು ಉಳಿದರೆ ಸರಿ. ಇಲ್ಲವಾದರೆ ವಿಷ."

ಭಾವ ಬಂದೂಕಿನ ಅಂಗಡಿಗೆ ಹೋದರು. ಎಲ್ಲರೂ ಕೇಳುವುದು ಯಾವುದು ದೂರ ಹೊಡೆಯುತ್ತದೆ, ಯಾವುದು ಜೋರು ಎಂದಲ್ಲವೆ? ಇವರು ಕೇಳಿದ್ದು, "ಮೊಲಕ್ಕೆ ಏನಾಯಿತೆಂದು ಗೊತ್ತಾಗುವ ಮೊದಲೇ ಮುಗಿದಿರಬೇಕು. ಅಂಥದ್ದು ಯಾವುದಿದೆ?" ಗುಂಡಿನ ತೂಕ, ಅದರ ವೇಗ, ಮೊಲದ ತಲೆಯ ಅಳತೆ ಎಲ್ಲ ವಿಚಾರಿಸುತ್ತ ಎರಡು ತಾಸು ನಿಂತರು. ಕೊನೆಗೆ ಅಂಗಡಿಯವನೇ ಬೇಟೆ ಬಿಡುವ ಮನಸ್ಸು ಮಾಡಿದ್ದ ಎಂದು ಕಾಣುತ್ತದೆ, ನಳಿಗೆ ಮಡಚಿ ಒಂದೊಂದೇ ಗುಂಡು ತುಂಬುವ ರೈಫಲೊಂದನ್ನು ಕೊಟ್ಟು ಬೇಗ ಕಳಿಸಿದ. "ಹದಿನೆಂಟು ದಾಟಿದವರಿಗೆ ಇದಕ್ಕೆ ಲೈಸೆನ್ಸ್ ಬೇಕಿಲ್ಲ" ಎಂದದ್ದೇ ಅವನ ತಪ್ಪು. ಭಾವನಿಗೆ ಅವಮಾನವಾಯಿತು. "ಲೈಸೆನ್ಸ್ ಬ್ಯಾಡಂದ್ರ ಬುದ್ಧೀನೂ ಬ್ಯಾಡೇನು?" ಎಂದು ಮನೆಗೆ ಬಂದು, ಲೈಸೆನ್ಸಿಗೆ ಓದುವವರ ಸುರಕ್ಷತೆಯ ಏಳು ನಿಯಮಗಳನ್ನು ಬಾಯಿಪಾಠ ಮಾಡಿದರು. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಏಳು ನಿಯಮ, ಆಮೇಲೆ ಚಹಾ. ನಾನು ಲೋವರ್ ಹಟ್ ಎಂಬ ಊರಿನ ಶಾಲೆಯೊಂದರಲ್ಲಿ ಕೆಲಸ ಮಾಡುವವಳು, ರಜೆ ಬಂತೆಂದರೆ ಅಕ್ಕನ ಮನೆಗೆ ಹಾಜರು. ಒಂದು ಬೆಳಿಗ್ಗೆ ದೇವರ ಕೋಣೆಯಿಂದ "ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದೆ ಎಂದೇ ಭಾವಿಸತಕ್ಕದ್ದು" ಎಂಬ ಗಂಭೀರ ಧ್ವನಿ ಕೇಳಿ ಹಾಸಿಗೆಯಿಂದ ಬಿದ್ದವಳು ನಾನೇ.

ಅಕ್ಕನಿಗೆ ಇದೆಲ್ಲ ಒಂದಿಷ್ಟೂ ಸೇರಲಿಲ್ಲ. "ಆ ಹಿಂಸಾ ಸಾಮಾನು ನನ್ನ ಹೊಸ್ತಿಲ ದಾಟಂಗಿಲ್ಲ" ಎಂದಳು. ಗ್ಯಾರೇಜಿನಲ್ಲಿ ಬೀಗ ಹಾಕಿದ ಕಪಾಟೇ ಅದರ ಜಾಗ. ಮೊಲ ಹೊಡೆದು ಬಂದ ದಿನ ಭಾವ ಹಿತ್ತಲಿನ ನಲ್ಲಿಯ ಕೆಳಗೆ ಸ್ನಾನ ಮಾಡಿಯೇ ಒಳಗೆ ಬರಬೇಕು. ಇಲ್ಲಿ ಜುಲೈ ಎಂದರೆ ಕೊರೆಯುವ ಚಳಿಗಾಲ, ಆಗಲೂ ಇದಕ್ಕೆ ರಿಯಾಯಿತಿ ಇಲ್ಲ. ಅವರು ಮೊದಲ ಮೂರು ತಿಂಗಳು ಒಂದೂ ಮೊಲ ಹೊಡೆಯದಿದ್ದುದಕ್ಕೆ ನೀರಿನ ಭಯವೇ ಕಾರಣವೆಂದು ನಾನು ಬಹಳ ದಿನ ತಿಳಿದಿದ್ದೆ.

ನಿಜವಾದ ಕಾರಣ ಬೇರೆ. ಮೂವತ್ತು ಹೆಜ್ಜೆ ದೂರದಿಂದ ಐದಕ್ಕೆ ಐದು ಗುಂಡು ಒಂದು ನಾಣ್ಯದ ಅಗಲದಲ್ಲಿ ಬೀಳುವವರೆಗೆ ಜೀವದ ಮೇಲೆ ಗುರಿ ಹಿಡಿಯುವುದಿಲ್ಲ ಎಂದು ಅವರು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಹಿತ್ತಲಿನಲ್ಲಿ ಮಣ್ಣಿನ ದಿಬ್ಬ ಮಾಡಿ, ಅದರ ಮುಂದೆ ಕಾಗದ ಅಂಟಿಸಿ ಅಭ್ಯಾಸ. ಒಮ್ಮೆ ಕಾಗದ ತೀರಿದಾಗ ಅಕ್ಕನ ಜೋಳದ ರೊಟ್ಟಿಯನ್ನು ತೂಗುಹಾಕಿದರು. ದುಂಡಗಿದೆ, ನಡುವೆ ಕರಕಲು ಚುಕ್ಕೆಯೂ ಇದೆ, ಗುರಿಗೆ ಇನ್ನೇನು ಬೇಕು? ಆದರೆ ಮೊದಲ ಗುಂಡಿಗೇ ಆ ಅಭ್ಯಾಸ ನಿಲ್ಲಿಸಿದರು. ಅಕ್ಕ ಕೇಳಿದ್ದಕ್ಕೆ, "ನಿನ್ನ ರೊಟ್ಟಿಗೆ ಬಡದು ಗುಂಡು ತಿರುಗಿ ನನ್ನ ಕಡೇನ ಬಂತು. ಸುರಕ್ಷತಾ ದೃಷ್ಟಿಯಿಂದ ಬ್ಯಾಡ" ಎಂದರು. ಆ ರಾತ್ರಿ ಅವರಿಗೆ ರೊಟ್ಟಿ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲವಲ್ಲ!

ಜುಲೈ ರಜೆಯಲ್ಲಿ ಒಂದು ಬೆಳಗಿನ ಜಾವ ನನ್ನನ್ನೂ ಕರೆದೊಯ್ದರು. ಹೊರಡುವ ಮುನ್ನ ಛಗನಭಾಯಿಗೆ ಫೋನು: "ಬರಬಹುದೆ?" ವರ್ಷಕ್ಕಾಗುವಷ್ಟು ಅನುಮತಿ ಮೊದಲೇ ಕೊಟ್ಟಿದ್ದ ಆ ಮನುಷ್ಯ ನಿದ್ದೆಗಣ್ಣಿನಲ್ಲಿ ಅಂದದ್ದು ಶುದ್ಧ ಗುಜರಾತಿ. ಭಾವ ಅದನ್ನೂ ಅನುಮತಿಯೆಂದೇ ತಿಳಿದರು. ಕಿತ್ತಳೆ ಬಣ್ಣದ ಕೋಟು ತೊಟ್ಟು ನಾವಿಬ್ಬರೂ ಬೇಲಿಯ ಬುಡದಲ್ಲಿ ಮಂಜು ಕುಡಿಯುತ್ತ ಕುಳಿತೆವು. ಅರ್ಧ ತಾಸಿಗೆ ಒಂದು ಮೊಲ ಬಂತು. ಬಂದು ಒಂದು ಸಸಿ ಆರಿಸಿಕೊಂಡಿತು.

"ತಂಗೀ, ಅದು ಮೊಲಾನ ಹೌದಲ್ಲೊ?" ಭಾವ ಪಿಸುಗುಟ್ಟಿದರು.

"ಅಲ್ಲ ಭಾವಾ, ಎರಡು ಉದ್ದ ಕಿವಿ, ಗಿಡ್ಡ ಬಾಲ. ಆನಿ ಅಂತೂ ಅಲ್ಲ!"

"ಚೇಷ್ಟಿ ಬ್ಯಾಡ. ಸಂಶಯ ಇದ್ರ ಹೊಡ್ಯಂಗಿಲ್ಲ. ಆದ್ರ ಅದರ ಹಿಂದ ನೋಡು, ಗಾಜಿನ ಮನಿ ಐತಿ. ಗುಂಡು ತಪ್ಪಿದ್ರ ಎಲ್ಲಿ ಹೋಗ್ತೈತಿ?"

ಮೊಲ ಮುಂದೆ ಸರಿಯಿತು. ಈಗ ಹಿಂದೆ ಮಣ್ಣಿನ ಏರಿ. ಆದರೆ ಮೂವತ್ತೆಂಟು ಹೆಜ್ಜೆ ದೂರ. ಮೊಲ ಹತ್ತಿರ ಬಂತು. ನಡುವೆ ನೀಲಿ ಎದೆಯ, ಕೆಂಪು ಕಾಲಿನ ಪುಕೇಕೊ ಹಕ್ಕಿಯೊಂದು ಅಡ್ಡ ನಡೆಯಿತು, ಅದೂ ಮದುಮಗಳ ನಡಿಗೆಯಲ್ಲಿ! ಅದು ದಾಟುವವರೆಗೆ ಕಾದೆವು. ಈಗ ಎಲ್ಲ ಸರಿ ಇದೆ ಎನ್ನುವಾಗ ಭಾವ ರೈಫಲ್ ಕೆಳಗಿಳಿಸಿ, "ಬಾಣಂತಿ ಇದ್ದೀತೇನು?" ಎಂದರು.

ನನಗೆ ರೇಗಿತು. "ತಲಿಗೆ ಸ್ಕಾರ್ಫ್ ಕಟ್ಟಿಲ್ಲ ಭಾವಾ, ಕಿವಿ ಎರಡೂ ಹೊರಗ ಅದಾವ. ಬಾಣಂತಿ ಅಲ್ಲ!"

ಅಷ್ಟು ಹೊತ್ತಿಗೆ ಮೊಲ ಸಾವಕಾಶ ಊಟ ಮುಗಿಸಿ, ಮೀಸೆ ಒರೆಸಿಕೊಂಡು ಮನೆಗೆ ಹೋಯಿತು. ನಾವೂ ಹೋದೆವು. ನಮಗೆ ಮಾತ್ರ ಊಟವಾಗಿರಲಿಲ್ಲ.

ಹೀಗೆಂದು ನಮ್ಮ ಭಾವ ಕೈಲಾಗದವರೆಂದು ತಿಳಿಯಬೇಡಿ. ಆ ರಜೆಯಲ್ಲೇ ಎಲ್ಲ ನಿಯಮಗಳೂ ಒಟ್ಟಿಗೆ ಕೂಡಿಬಂದ ಒಂದು ಮುಂಜಾನೆ 'ಟಪ್' ಎಂದಿತು ರೈಫಲ್, ಮೊಲ ಕುಳಿತಲ್ಲೇ ವಾಲಿತು. ಕಿವಿ ಕೂಡ ಅಲುಗಲಿಲ್ಲ. ಭಾವ ಹೋಗಿ ಟೊಪ್ಪಿಗೆ ತೆಗೆದು ಅದರ ಮುಂದೆ ಒಂದು ನಿಮಿಷ ನಿಂತರು. ಆಮೇಲೆ ದೊಡ್ಡ ಸಮಸ್ಯೆ. ಕೊಂದದ್ದು ವ್ಯರ್ಥವಾಗಬಾರದು ಎಂಬುದು ಅವರ ಇನ್ನೊಂದು ಕಟ್ಟಳೆ. ಕೊಂದವರು ಲಿಂಗಾಯತರು, ಹೊಲದವರು ವೈಷ್ಣವರು, ತಿನ್ನುವವರಾರು? ಮೂರನೆಯ ಮನೆಯ ಹೇಮಿ ಸಿಕ್ಕಿದ. ಲಾರಿ ರಿಪೇರಿ ಮಾಡುವ ಮಾವೊರಿ ಮನುಷ್ಯ, ಬೇಟೆಯಲ್ಲಿ ಪಳಗಿದವನು. ಚರ್ಮ ಸುಲಿಯುವುದನ್ನೂ, ನರಳುವ ಪ್ರಾಣಿಯನ್ನು ಕೈಯಿಂದ ಕ್ಷಣದಲ್ಲಿ ಮುಗಿಸುವುದನ್ನೂ ಅವನೇ ಭಾವನಿಗೆ ಕಲಿಸಿಕೊಟ್ಟ. ಮೊಲ ಕೊಟ್ಟ ಮಾರನೆಯ ದಿನ ಭಾವ ತಪ್ಪದೆ ಅವನ ಬಾಗಿಲಿಗೆ ಹೋಗಿ, "ಮೆತ್ತಗೆ ಬೆಂದಿತ್ತೆ? ಉಪ್ಪು ಸರಿ ಇತ್ತೆ?" ಎಂದು ಕೇಳಿ ಬರುತ್ತಾರೆ. ತಾನು ಮುಟ್ಟದ ಅಡುಗೆಯ ರುಚಿಯನ್ನು ಇಷ್ಟು ಕಾಳಜಿಯಿಂದ ವಿಚಾರಿಸುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಚಳಿಗಾಲ ಮುಗಿಯುವ ಹೊತ್ತಿಗೆ ಹೇಮಿಯ ಮನೆಯಲ್ಲಿ ವಾರಕ್ಕೆರಡು ದಿನ ಮೊಲದ ಅಡುಗೆ. ಪ್ರತಿ ಸಲ ಹೊರಡುವ ಮುನ್ನ ಕಾಗದಕ್ಕೆ ಐದು ಗುಂಡು, ಆಮೇಲೆಯೇ ಹೊಲ. ಒಂದು ಗುಂಡಿಗೆ ಒಂದು ಮೊಲ, ಗಾಯಗೊಂಡು ಓಡಿದ್ದು ಒಂದೂ ಇಲ್ಲ. ಭಾವನಿಗೆ ಹೆಮ್ಮೆಯಿದ್ದರೆ ಅದೊಂದೇ. ಛಗನಭಾಯಿಯ ಸಸಿಗಳೂ ತಲೆಯೆತ್ತಿದವು. ಆದರೂ ಆ ಮನುಷ್ಯ ಪೂರ್ತಿ ನಂಬಲಿಲ್ಲ, ವಿಷದ ಚೀಲವೊಂದನ್ನು ತಂದು ಶೆಡ್ಡಿನಲ್ಲಿಟ್ಟೇಬಿಟ್ಟರು. ಹೊಸ ಮಡಿಯೊಂದನ್ನು ಒಂದೇ ಒಂದು ಮೊಲ ಇನ್ನೂ ಮೇಯುತ್ತಿತ್ತು. "ವಿಜಯದಶಮಿಯ ದಿನ ಹತ್ತು ಗಂಟೆಗೆ ಬಂದು ನೋಡುತ್ತೇನೆ. ಅದು ಹೋಗಿದ್ದರೆ ನೀನು ಗೆದ್ದೆ" ಎಂದರು.

ಆ ವರ್ಷದ ದಸರಾ ನನ್ನ ರಜೆಯಲ್ಲೇ ಬಂತು. ಆಯುಧಪೂಜೆಯ ಹಿಂದಿನ ದಿನ ಅಕ್ಕ ಮಿಕ್ಸರ್, ಹೊಲಿಗೆ ಯಂತ್ರ, ಭಾವನ ಸ್ಪ್ಯಾನರುಗಳು ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಕುಳಿತಿದ್ದಳು. ಇದ್ದಕ್ಕಿದ್ದಂತೆ ತಲೆಯೆತ್ತದೆಯೇ, "ಏನ್ರೀ, ಅದನ್ನೂ ತರ್ರಿ" ಎಂದಳು.

"ಯಾವುದನ್ನ?"

"ಅದ, ಗ್ಯಾರೇಜಿನಾಗಿಂದು. ಆರು ತಿಂಗಳಾತು, ಹೊರಗ ಕುಂತೈತಿ ಪಾಪ. ಅದೂ ನಿಮ್ಮ ಕೈಯಾಗಿನ ಆಯುಧಾನ ಅಲ್ಲೇನು?"

ಭಾವನ ಮುಖ ನೋಡಬೇಕಿತ್ತು ನೀವು! ಮದುವೆಯಲ್ಲೂ ಅವರು ಅಷ್ಟು ಹಿಗ್ಗಿರಲಿಲ್ಲ, ನಾನು ಫೋಟೋ ನೋಡಿದ್ದೇನೆ. ನಳಿಗೆ ಮಡಚಿ ಗುಂಡಿಲ್ಲವೆಂದು ಮೂರು ಸಲ ನೋಡಿ, ನನಗೂ ಒಂದು ಸಲ ತೋರಿಸಿ, ರೈಫಲನ್ನು ಎರಡೂ ಕೈಯಲ್ಲಿ ತಂದು ಅಕ್ಕನ ಮುಂದಿಟ್ಟು ಅಂಗಡಿಗೆ ಹೂವು ತರಲು ಹೋದರು. ಮಾರನೆಯ ದಿನ ಅದು ದೇವರ ಜಗಲಿಯ ಮೇಲೆ ಮಿಕ್ಸರಿನ ಪಕ್ಕ, ವಿಭೂತಿ ಕುಂಕುಮ ಧರಿಸಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಕುಳಿತಿತ್ತು. ಹೊಸ್ತಿಲು ದಾಟಿದ್ದು ಅದೇ ಮೊದಲು.

ವಿಜಯದಶಮಿಯ ಬೆಳಿಗ್ಗೆ ಭಾವ ಎಂದಿನಂತೆ ಕಾಗದ ಹುಡುಕತೊಡಗಿದರು. ಅಕ್ಕ ಅಡ್ಡ ಬಂದಳು. "ಪೂಜಾ ಮಾಡಿದ ಆಯುಧದ ಮೊದಲ ಗುಂಡು ಕಾಗದಕ್ಕ ಹೊಡೀತೀರೇನು? ಇವತ್ತು ದಶಮಿ ಐತಿ. ಮೊದಲನೇದು ಕೆಲಸಕ್ಕ ಬೀಳಬೇಕು." ಭಾವ ನನ್ನ ಮುಖ ನೋಡಿದರು, ಕಾಗದ ನೋಡಿದರು, ಆಮೇಲೆ ಅಕ್ಕನ ಸಂತೋಷದ ಮುಖ ನೋಡಿದರು. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಹೊಲದಲ್ಲಿ ಎಲ್ಲವೂ ಹೇಳಿ ಮಾಡಿಸಿದಂತಿತ್ತು. ಅದೇ ಮೊಲ, ಇಪ್ಪತ್ತೈದು ಹೆಜ್ಜೆ, ಹಿಂದೆ ಮಣ್ಣಿನ ಏರಿ. ಭಾವ ಉಸಿರು ಹಿಡಿದು ರೈಫಲಿನ ಕುದುರೆ ಎಳೆದರು. ಮೊಲ ಮೇಲಕ್ಕೆ ಹಾರಿ ಚೀರಿತು. ಮೊಲಕ್ಕೆ ಧ್ವನಿ ಇದೆಯೆಂದು ನನಗೆ ಗೊತ್ತಾದದ್ದು ಆಗ. ಹಿಂಗಾಲು ಎಳೆದುಕೊಂಡು ಅದು ಮುಳ್ಳುಬೇಲಿಯೊಳಗೆ ಹೋಗಿ ಮರೆಯಾಯಿತು.

ಭಾವ ರೈಫಲನ್ನು ನಳಿಗೆ ಮಡಚಿ ಕೆಳಗಿಟ್ಟು, ಹೊಟ್ಟೆಯ ಮೇಲೆ ತೆವಳುತ್ತ ಬೇಲಿಯೊಳಗೆ ನುಗ್ಗಿದರು. ಅದು ಬೆರಳುದ್ದದ ಮುಳ್ಳಿನ ಗಿಡ. ಐದು ನಿಮಿಷಕ್ಕೆ ಬರುತ್ತಾರೆಂದುಕೊಂಡೆ. ಅರ್ಧ ತಾಸಾಯಿತು, ಒಂದು ತಾಸಾಯಿತು. "ಭಾವಾ, ಎಲ್ಲೋ ಸತ್ತಿರ್ತೈತಿ, ಬರ್ರಿ" ಎಂದೆ. ಒಳಗಿನಿಂದ, "ಸತ್ತಿದ್ರ ಚಲೋನ. ಸಾಯದ ಕುಂತಿದ್ರ?" ಎಂಬ ಮಾತು ಬಂತು. ನಾನೂ ತೆವಳಿದೆ. ಬೇಲಿಯ ಕೊನೆಯ ಬುಡದಲ್ಲಿ ಅದು ಇನ್ನೂ ಉಸಿರಾಡುತ್ತಿತ್ತು. ಭಾವ ಹೇಮಿ ಕಲಿಸಿದಂತೆ ಒಂದೇ ಕ್ಷಣದಲ್ಲಿ ಮುಗಿಸಿದರು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು, "ತಪ್ಪಾತವಾ ನಂದು, ದೊಡ್ಡ ತಪ್ಪಾತು" ಎಂದು ತವರಿಗೆ ಬಂದ ಮಗಳಿಗೆ ಹೇಳುವಂತೆ ಹೇಳುತ್ತ ಕುಳಿತರು. ನಾನು ಇಷ್ಟು ದಿನ ಗೇಲಿ ಮಾಡಿದ ಮನುಷ್ಯ ಇವರೇ. ನನಗೆ ನನ್ನ ನಾಲಿಗೆಯ ಮೇಲೆ ಅಸಹ್ಯವಾಯಿತು.

ಕಿಸೆಯ ಕಾಗದವನ್ನು ಏರಿಗೆ ಚುಚ್ಚಿ ಭಾವ ಒಂದು ಗುಂಡು ಹೊಡೆದರು. ಗುರಿಯಿಂದ ಒಂದು ಗೇಣು ಕೆಳಗೆ ಬಿತ್ತು. ಇನ್ನೊಂದು, ಅದೂ ಅಲ್ಲೇ. ರೈಫಲಿನ ಮೇಲಿನ ದುರ್ಬೀನಿಗೆ ಎರಡು ಪುಟ್ಟ ಮುಚ್ಚಳಗಳಿವೆ, ಅವುಗಳ ಕೆಳಗೆ ಗುರಿಯನ್ನು ಕೂದಲೆಳೆಯಷ್ಟು ಹೊಂದಿಸುವ ತಿರುಗಣೆಗಳು. ಭಾವ ಮುಚ್ಚಳ ಬಿಚ್ಚಿದರು. ಒಳಗೆ ತಿರುಗಣೆ ಫಳಫಳ ಹೊಳೆಯುತ್ತಿತ್ತು. ಅದರ ಗೆರೆಯಲ್ಲಿ ಹುಣಸೆಹಣ್ಣಿನ ಒಂದು ನಾರು ಸಿಕ್ಕಿಕೊಂಡಿತ್ತು.

ನನ್ನಕ್ಕ ದೇವರ ಮುಂದಿನ ಹಿತ್ತಾಳೆಯ ದೀಪದ ಸಮೆ ಬೆಳಗುವಂತೆ ಅದನ್ನೂ ಬೆಳಗಿದ್ದಳು! ಮುಚ್ಚಳ ಬಿಚ್ಚಿ, ಹುಣಸೆಹಣ್ಣು ಹಚ್ಚಿ, ತಿರುಗಣೆಯನ್ನು ತಿರುವಿ ತಿರುವಿ, ಒಂದು ಮೂಲೆಯನ್ನೂ ಬಿಡದೆ.

"ಅಯ್ಯೋ, ಅಕ್ಕ—" ಎಂದು ಬಾಯಿ ತೆರೆದೆ.

"ತಂಗೀ," ಎಂದರು ಭಾವ, ಆ ನಾರನ್ನು ಉಗುರಿನಿಂದ ತೆಗೆಯುತ್ತ. "ಹೊಡೆದಾಂವ ನಾನು. ಕಾಗದಕ್ಕ ಹೊಡೀದ ಹಂಗ ಬಂದಾಂವ ನಾನು. ಈ ಮಾತು ಮನೀತನಕ ಬರಬಾರದು." ಮೊದಲ ಸಲ ಅವರು ನನ್ನ ಮೇಲೆ ಕಣ್ಣು ಬಿಟ್ಟರು. ನಾನು ತಲೆಯಾಡಿಸಿದೆ.

ಹತ್ತು ಗಂಟೆಗೆ ಛಗನಭಾಯಿ ಬಂದರು. ಮಡಿಯಲ್ಲಿ ಸಸಿಗಳು ಉಳಿದಿದ್ದವು, ಮೊಲ ಸತ್ತಿತ್ತು, ಭಾವ ಗೆದ್ದಿದ್ದರು. ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು. ಸುಮ್ಮನಿರುವವರೇ? ನೆಟ್ಟಗೆ ಹೋಗಿ, "ಒಂದಕ್ಕೂ ನೋವಾಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಇವತ್ತು ಒಂದು ಮೊಲ ಒಂದೂವರೆ ತಾಸು ನರಳಿತು. ಪರೀಕ್ಷೆ ಮಾಡದೆ ಹೊಡೆದೆ, ತಪ್ಪು ನನ್ನದು. ನಿಮ್ಮ ಅನುಮತಿ ವಾಪಸ್ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ" ಎಂದರು. ಅನುಮತಿ ಹೋದರೆ ಮುಂದಿನದು ವಿಷವೇ ಅಲ್ಲವೆ?

ಛಗನಭಾಯಿ ಭಾವನ ಹರಿದ ಅಂಗಿಯನ್ನೂ, ರಕ್ತ ಒಸರುತ್ತಿದ್ದ ಕೈಗಳನ್ನೂ, ಬೇಲಿಯಲ್ಲಿ ಬಿದ್ದಿದ್ದ ದಾರಿಯನ್ನೂ ನೋಡಿದರು. ಶೆಡ್ಡಿಗೆ ಹೋಗಿ ವಿಷದ ಚೀಲ ಹೊತ್ತು ತಂದು ಬೇಲಿಯಾಚೆ ನಿಂತಿದ್ದ ಭಾವನ ಯೂಟ್ ಗಾಡಿಯ ತೆರೆದ ಹಿಂಭಾಗಕ್ಕೆ ಎಸೆದರು. "ಪೇಟೆ ಕಡೆ ಹೋದಾಗ ಇದನ್ನು ಅಂಗಡಿಗೆ ಹಿಂದಿರುಗಿಸಿಬಿಡು ಮೇಟ್" ಎಂದರು.

ಮೊಲ ಎಂದಿನಂತೆ ಹೇಮಿಯ ಮನೆಗೆ ಹೋಯಿತು. "ಮೊದಲ ಒಂದು ತಪ್ಪಾಗೈತಿ, ವ್ಯರ್ಥ ಮಾಡಿ ಎರಡನೇದು ಮಾಡಬಾರದು" ಎಂದರು ಭಾವ. ನಲ್ಲಿಯ ಕೆಳಗೆ ಸ್ನಾನ ಮಾಡಿ ಒಳಗೆ ಬಂದರೆ ಅಕ್ಕ ಹೋಳಿಗೆ ಬೇಯಿಸುತ್ತಿದ್ದಳು.

"ಮೊದಲನೇ ಗುಂಡು ಹೆಂಗಾತ್ರಿ? ನನ್ನ ಪೂಜಾ ಫಲಿಸ್ತೋ ಇಲ್ಲೋ?"

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಈಗೇನು ಹೇಳುತ್ತಾರೆ?

"ಫಲಿಸ್ತು. ಛಗನಭಾಯಿ ವಿಷದ ಚೀಲಾ ಅಂಗಡಿಗೆ ವಾಪಸ್ ಕಳಿಸಿದ ನೋಡು."

"ನಾ ಹೇಳಿದ್ದಿಲ್ಲ? ಕಾಗದಕ್ಕ ಹೊಡೆದಿದ್ರ ಇಷ್ಟೆಲ್ಲಾ ಆಗ್ತಿತ್ತೇನು?"

"ಇಲ್ಲ," ಎಂದರು ಭಾವ ಮೆಲ್ಲಗೆ, "ಆಗ್ತಿದ್ದಿಲ್ಲ."

ಅಕ್ಕ ಗೆದ್ದ ಮುಖ ಮಾಡಿ ತಿರುಗಿದವಳು ಅವರ ಕೈ ಕಂಡು, "ಇದೇನ್ರೀ ಹಿಂಗ ಗೀರಿಸಿಕೊಂಡು ಬಂದೀರಿ? ಸಣ್ಣ ಮಕ್ಕಳೇನು ನೀವು?" ಎಂದು ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಎಣ್ಣೆ ಹಚ್ಚುತ್ತಿದ್ದ ಅವಳ ಬೆರಳುಗಳನ್ನು ಭಾವ ಹಿಡಿದು ನಿಲ್ಲಿಸಿದರು. ಮನೆಯ ಸಾಮಾನೆಲ್ಲ ಬೆಳಗಿ ಬೆಳಗಿ ಅವಳ ಬೆರಳ ತುದಿಗಳು ಹುಣಸೆಯ ಹುಳಿಗೆ ಬಿರಿದು ಕೆಂಪಾಗಿದ್ದವು.

"ಎಷ್ಟು ತಿಕ್ಕೀ ಮಾರಾಯ್ತಿ," ಎಂದು ಭಾವ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, ಒಂದೊಂದೇ ಬೆರಳಿಗೆ ಎಣ್ಣೆ ಹಚ್ಚತೊಡಗಿದರು.

"ಬಿಡ್ರೀ, ತಂಗಿ ನೋಡಾಕತ್ತಾಳ."

"ನೋಡಲಿ ಬಿಡು."

ನಾನೆಲ್ಲಿ ನೋಡಿದೆ? ನನ್ನ ಕಣ್ಣು ತುಂಬಿ ಬಂದು ಏನೂ ಕಾಣದೆ, ಒಲೆಯ ಮೇಲಿನ ಹೋಳಿಗೆ ಮಗುಚಿಹಾಕುವ ನೆಪದಲ್ಲಿ ಅವರಿಬ್ಬರಿಗೂ ಬೆನ್ನು ಮಾಡಿ ನಿಂತುಬಿಟ್ಟಿದ್ದೆ.